ಇತರೆ

ಗ್ರಿಮ್ಸ್‌ಬಿಯ ಮೀನುಕಟ್ಟೆ. ಮೇಲಂತಸ್ತು.
ರಾತ್ರಿ ಎರಡೂ ಇಪ್ಪತ್ತು.
ಕೆಳಗೆ ಐಸು ಜಜ್ಜುವ ಸದ್ದು,
ಹ್ಯಾಡಕ್ ತುಂಬಿದ ನೀಲಿ ತೊಟ್ಟಿಗಳು;
ಇಲ್ಲಿ ಹೊಸ ನಿಗಾ ತಂತ್ರಾಂಶಕ್ಕೆ ಮೊದಲ ಪಾಳಿ,
ನನಗೆ ನಲವತ್ತೊಂದನೆಯದು.

ಅದಕ್ಕೆ ಯಾರೂ ಏನೂ ಹೇಳಿಕೊಡಬೇಕಿಲ್ಲವಂತೆ.
ಮದುವೆಮನೆಯ ಊಟದ ಬಾಗಿಲಲ್ಲಿ ನಿಂತ ದೊಡ್ಡತ್ತೆಯ ಹಾಗೆ
ಬಂದವರನ್ನೆಲ್ಲ ತಡೆದು ಕೇಳುತ್ತದೆ:
ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?
ಹುಟ್ಟಿಸಿದವರು ಯಾರು, ಯಾವ ಫೋಲ್ಡರಿನ ಅನ್ನ,
ಯಾವ ಪೋರ್ಟಿಗೆ ಕಿವಿಗೊಟ್ಟು ಕೂತಿದ್ದೀ?
ಉತ್ತರಕ್ಕೆ ಕಾಯುವುದಿಲ್ಲ.
ಮುಖಚಹರೆ ನೋಡಿಯೇ ಎಲೆ ಹಾಕಿಸುತ್ತದೆ.

ಹನ್ನೊಂದು ಜಾವಾ, ಒಂದೇ ಪಂಕ್ತಿ: ಹರಾಜು.
ತೂಕ, ಬಿಲ್ಲು, ಚೀಟಿ ಮುದ್ರಣ ಎಲ್ಲ ಕೂಡು ಕುಟುಂಬ.
ಡೇಟಾಬೇಸಿನ ಮಕ್ಕಳು ಮೂವತ್ತಾರು,
ಎಲ್ಲಕ್ಕೂ ಒಂದೇ ಹೆಸರು, ಒಬ್ಬಳೇ ತಾಯಿ.
ಎರಡು ತಿಂಗಳಿಂದ ನನಗೆ ಬಿಡಿಸಲಾಗದ ನಂಟೆಲ್ಲ
ಅರ್ಧ ಗಂಟೆಯಲ್ಲಿ
ಬಣ್ಣ ಬಣ್ಣವಾಗಿ ಪರದೆಯ ಮೇಲೆ.

ಒಂದು ಉಳಿಯಿತು.
ತಾಯಿ ಸತ್ತು ಎಷ್ಟು ಕಾಲವೋ,
ಅನಾಥರನ್ನೆಲ್ಲ ಸಾಕುವ ಒಂದನೇ ನಂಬರಿನ ಮಡಿಲಲ್ಲಿದೆ.
ಪೋರ್ಟಿಲ್ಲ. ಹೆಸರು ಡಾಟ್.
ಹತ್ತು ನಿಮಿಷಕ್ಕೊಮ್ಮೆ ಏಳುತ್ತದೆ,
ಏನನ್ನೋ ಮುಟ್ಟಿ ನೋಡುತ್ತದೆ, ಮಲಗುತ್ತದೆ.
ದೊಡ್ಡತ್ತೆ ಎರಡು ಸಲ ಕಣ್ಣಾಡಿಸಿ
ಬೂದು ಬಣ್ಣದಲ್ಲಿ ಬರೆದಳು: ಇತರೆ.
ಪಕ್ಕದಲ್ಲೇ ಸಣ್ಣ ಸಲಹೆ: ನಿಲ್ಲಿಸಬಹುದು.

ಗ್ಲೆಂಡಾ ಸ್ಕೆಲ್ಟನ್ ಚಹಾಕ್ಕೆಂದು ಹತ್ತಿ ಬಂದಳು,
ಗಂಬೂಟಿನ ನೀರು ಮೆಟ್ಟಿಲುದ್ದಕ್ಕೂ.
"ಡಾಟ್? ಅದು ನಮ್ಮ ಲೆನ್ ಬರೆದದ್ದು.
ಮೂರನೇ ಶೀತಲ ಕೋಣೆ ಬೆಚ್ಚಗಾದರೆ
ನನ್ನ ಕಂಬದ ಮೇಲೆ ಕೆಂಪು ದೀಪ ಹತ್ತಿಸುವುದು ಅದೇ.
ನಿವೃತ್ತನಾಗಿ ಒಂಬತ್ತು ವರ್ಷ ಆಯ್ತು ಅವನು.
ಡಾಟ್ ಅಂದರೆ ಡೊರೊಥಿ, ಮೊದಲ ಹೆಂಡತಿ.
ಈಗಿನವಳ ಕಿವಿಗೆ ಬೀಳಿಸಬೇಡ."

ಸುಟ್ಟ ಟೋಸ್ಟಿನ ಬೆರಳಲ್ಲೇ ಒತ್ತಿದೆ:
ಹೊಸ ಗುಂಪು. ಹೆಸರು, ಮೂರನೇ ಕೋಣೆ.
ಸದಸ್ಯರು, ಒಂದು.
ಒಬ್ಬರೇ ಇರುವ ಗುಂಪು ಸೂಕ್ತವಲ್ಲ, ಉಳಿಸಬೇಕೆ?
ಎಂದಿತು ಯಂತ್ರ, ಬಹುವಚನದಲ್ಲಿ, ಮರ್ಯಾದೆಯಿಂದ.
ಹೌದು.
ಖಚಿತವೆ?
ಹೌದಮ್ಮ, ಹೌದು.

ಎರಡೂ ಐವತ್ತಕ್ಕೆ ಡಾಟ್ ಎದ್ದಿತು.
ಗೆರೆ ಕೂದಲೆಳೆಯಷ್ಟು ಏರಿ
ಇಳಿಯಿತು.
ಕೆಳಗೆ ದೀಪ ಹತ್ತಲಿಲ್ಲ.
ಆದರೂ ಗ್ಲೆಂಡಾ, ಲೋಟ ಕೈಯಲ್ಲಿ ಹಿಡಿದೇ,
ಕಿಟಕಿಯಿಂದ ಬಗ್ಗಿ ನೋಡಿದಳು.