ಮೂವತ್ತೊಂದು ಗಂಟೆ

ಸೋಮವಾರ ರಾತ್ರಿ ಹತ್ತಕ್ಕೆ
ವೋಡ್ಕಾವನ್ನೆಲ್ಲ ಸಿಂಕಿಗೆ ಸುರಿದವಳು ನಾನೇ.
ಗೆದ್ದೆ ಅಂದುಕೊಂಡೆ.

ಮರುದಿನ ವೈದೋತಸ್
ಅಂಗಿಯ ಗುಂಡಿ ಹಾಕಲಾರದೆ ನಕ್ಕ, ಬೆವರಿದ.
ಬುಧವಾರ ನಸುಕಿಗೆ, ಕ್ಲೈಪೆಡಾ ಬಂದರಿನಲ್ಲಿ
ಮೊದಲ ಕ್ರೇನು ಕತ್ತೆತ್ತುವ ಹೊತ್ತು,
ಅವನ ಹಿಮ್ಮಡಿ ಅಡುಗೆಮನೆಯ ನೆಲ ಬಡಿಯುತ್ತಿತ್ತು,
ಕೆಳಮನೆಯವರನ್ನು ಕರೆಯುವಂತೆ.

ಬಿರೂಟೆ ಬಂದೇಬಿಟ್ಟಳು, ಚಮಚ ಹಿಡಿದು:
ಹಲ್ಲಿನ ನಡುವೆ ಇಡು, ಇಡು!
ಇಡಲಿಲ್ಲ.
ಜಾಣತನವೇನಲ್ಲ, ಕೈ ಏಳಲಿಲ್ಲ, ಅಷ್ಟೆ.

"ಕೊನೆಯ ಗುಟುಕು ಯಾವಾಗ?"
ಡಾಕ್ಟರು ಬೈಯುವುದಕ್ಕೆ ಕೇಳಿದ್ದಲ್ಲ.
ಬೆರಳು ಮಡಚಿ ಎಣಿಸಿದೆ.
ವರ್ಷಗಟ್ಟಲೆ ಕುಡಿದು
ಒಮ್ಮೆಲೇ ಬಿಟ್ಟದ್ದಕ್ಕಂತೆ.
ಮೂರ್ಛೆರೋಗ ಹೌದೋ ಅಲ್ಲವೋ,
ಈಗಲೇ ಹೇಳಲಾಗದಂತೆ.

ಮನೆಗೆ ಬಂದೆ.
ಅಷ್ಟನ್ನೂ ಕುಡಿದ ಸಿಂಕು
ಅಲುಗದೆ ನಿಂತಿದೆ.