ಎರಡು, ಮೂರು

ಪೀಣ್ಯ ಎರಡನೇ ಹಂತ. ಭಾನುವಾರ.
ಅರ್ಧ ಎತ್ತಿದ ಶಟರಿನಡಿ ಬಗ್ಗಿ ಒಳಗೆ ಹೋದೆ.
ಲೇತಿನ ಮುಂದೆ ಸ್ಟೂಲು ಹಾಕಿ ಏಳುಮಲೈ ಮೇಸ್ತ್ರಿ,
ಐಸಿಯು ಹೊರಗೆ ಕೂತವರ ಹಾಗೆ.

"ಮೂರು ದಿನ ಆಯ್ತಮ್ಮ. ಆ ಡಬ್ಬ ಹೇಳ್ತಾನೇ ಇದೆ,
ಇವಳು ಕೇಳಿಸ್ಕೊಳ್ತಾ ಇಲ್ಲ."

ಡಬ್ಬ ಅಂದರೆ ಕಂಪ್ಯೂಟರು. ಹಸಿರು ಅಕ್ಷರ, ಮೌಸಿಲ್ಲ,
ಫ್ಲಾಪಿಯ ಬಾಯಿಗೆ ಧೂಳು ಬೀಳದಂತೆ ಅಂಟಿಸಿದ
ಸಹಕಾರಿ ಬ್ಯಾಂಕಿನ ಕ್ಯಾಲೆಂಡರು ಹಾಳೆ.
ಹೆಗ್ಗಣ ಕಡಿದ ಹಳೇ ಕೇಬಲ್ಲು ಮೂಲೆಯಲ್ಲಿ;
ಎಸ್.ಪಿ. ರೋಡಿನಿಂದ ತಂದ ಹೊಸದು
ಎಣ್ಣೆ ನೆಲದ ಮೇಲೆ ಹೊಳೆಯುತ್ತ ಮಲಗಿದೆ.

ಮೀಟರು ಹಿಡಿದೆ. ಎರಡರಿಂದ ಎರಡಕ್ಕೆ ಕುಯ್ಯೆಂದಿತು,
ಮೂರರಿಂದ ಮೂರಕ್ಕೆ.
ನೇರಾನೇರ. ಅಲ್ಲೇ ಇತ್ತು ಯಡವಟ್ಟು:
ಬಾಯಿಗೆ ಬಾಯಿ ಕಟ್ಟಿದ್ದಾರೆ, ಕಿವಿಗೆ ಕಿವಿ.

ಕಡ್ಡಿ ಕಾಯಿಸಿ, ಬೆಸುಗೆ ಬಿಡಿಸಿ
ಎರಡೂ ವೈರು ಅಡ್ಡಡ್ಡ ದಾಟಿಸಿದೆ.
ರಾಳದ ಹೊಗೆಗೆ ಮೇಸ್ತ್ರಿ ಕೆಮ್ಮಿದರು. "ಈಗ?"

ಈಗ ಕೇಳಿಸಿತು. ಅರ್ಥ ಆಗಲಿಲ್ಲ.
ಲೇತಿನ ಪರದೆ ತುಂಬ ಪ್ರಶ್ನೆ ಚಿಹ್ನೆ, ಡಾಲರು, ಮುರುಕು ಕೊಂಬು,
ಮೈಮೇಲೆ ಬಂದವರ ಮಾತು.

"ಹೊಸ ಹುಡುಗ ಏನೋ ಸ್ಪೀಡು ಏರಿಸ್ದ" ಅಂದರು ತಲೆ ತಗ್ಗಿಸಿ,
ತಾವೇ ಏರಿಸಿದ ಹಾಗೆ.

ಪ್ಯಾನಲ್ಲು ಬಾಗಿಲು ತೆರೆದೆ. ಒಳಗಡೆ, ತಗಡಿನ ಮೇಲೆ,
ಪೆನ್ಸಿಲಿನಲ್ಲಿ, ಯಾರದೋ ದುಂಡು ಅಕ್ಷರ:
೪೮೦೦. ಸಮ. ಏಳು. ನಿಲುಗಡೆ ಎರಡು.
ಕೆಳಗೆ ಗೆರೆ ಎಳೆದು: ಅವಸರ ಬೇಡ, ಇದಕ್ಕೆ ಆಗಿಬರಲ್ಲ.

"ಇದು ಯಾರು ಬರೆದಿದ್ದು?"
ಉತ್ತರವಿಲ್ಲ. ಮತ್ತೆ ಕೇಳಿದೆ, ಜೋರಾಗಿ.
ಮೇಸ್ತ್ರಿ ಸ್ಟೂಲು ತಿರುಗಿಸಿ ಬಲಗಿವಿ ಕೊಟ್ಟರು:
"ಆ ಕಡೇದು ಪ್ರೆಸ್ ಶಾಪಿಗೆ ಕೊಟ್ಟಾಯ್ತು. ಮೆಲ್ಲಗೆ ಹೇಳು, ಕೂಗ್ಬೇಡ."

ಮೆಲ್ಲಗೆ ಕೇಳಿದೆ.
"ಫಿಲೋಮಿನಾ ಅಂತ. ಮಿಷನ್ನು ಬಂದ ವರ್ಷ ಇದ್ದಳು.
ಮೀಟರು ಹೀಗೇ ಹಿಡೀತಿದ್ದಳು, ಎಡಗೈಲಿ."

೪೮೦೦ ಒತ್ತಿದೆ. ಸಮ: ಪ್ರತಿ ಅಕ್ಷರದ ಹಿಂದೆ
ಎಣಿಸಿ ತಲೆಯಾಡಿಸುವ ಒಬ್ಬ ಸಾಕ್ಷಿ.
ನಿಲುಗಡೆ ಎರಡು: ನುಂಗಿಕೊಳ್ಳಲು ಒಂದಿಷ್ಟು ಬಿಡುವು.

ಪ್ರೋಗ್ರಾಮು ಸಾಲು ಸಾಲಾಗಿ ಇಳಿಯಿತು.
ಟರೆಟ್ಟು ತಿರುಗಿತು. ಹಾಲಿನಂಥ ಕೂಲೆಂಟು ಚಿಮ್ಮಿ
ಹಿತ್ತಾಳೆಯ ಸುರುಳಿ ಉದುರಿತು, ಬಿಸಿ ಬಿಸಿ.

ಬಿಲ್ಲಿನಲ್ಲಿ ಏನು ಬರೆಯಲಿ? ಕೆಟ್ಟಿದ್ದು ಯಾವುದೂ ಇರಲಿಲ್ಲ.
ವೈರು ಅದಲು ಬದಲು, ನೂರೈವತ್ತು, ಎಂದು ಬರೆದು
ಹೊರಡುವ ಮುಂಚೆ ಪೆನ್ಸಿಲು ಕೇಳಿದೆ.
ತಗಡಿನ ಮೇಲೆ, ಅವಳ ಗೆರೆಯ ಕೆಳಗೆ:
ಕೇಬಲ್ಲು ಹೊಸದು ತಂದರೆ ಎರಡು-ಮೂರು ದಾಟಿಸಿ.
ಮೇಸ್ತ್ರಿ: ಬಲಗಡೆಯಿಂದ.