ಎಪ್ಪತ್ತೇಳರ ಬಳೆ

ವಿಜಾಪುರದ ಗಾಂಧಿ ಚೌಕದ ಹಿಂದ,
ಕಾಲು ಚಾಚಿದರ ಮುಗಿಯೂವಷ್ಟು ಅಂಗಡಿ.
ಮಕ್ತುಮಸಾಬರ ಅಪ್ಪ ಬಳಿ ಮಾರತಿದ್ದರು,
ಇವರು ಫಿಲ್ಟರು. ಹಿಡಿಯೂ ಕೈ ಮಾತ್ರ ಅದ:
ಬೆರಳು ಅಂಚಿಗಷ್ಟ, ಗಾಜಿಗೆ ಉಸಿರೂ ತಾಕದಂಗ.

“ಅಳತಿ?”
“ಎಪ್ಪತ್ತೇಳು.”
ಲೆನ್ಸಿನ ಕುತಗಿ ಹಿಡದು ತಿರುವಿ ನೋಡಿದರು,
ಮದಿಮಗಳ ಮುಂಗೈ ನೋಡಿದಂಗ.
“ಹದಿನಾರರಿಂದ ಮೂವತ್ತೈದು. ಅಗಲ ಕಣ್ಣು ಇದು.
ದಪ್ಪ ಬಳಿ ಏರಸಬ್ಯಾಡ್ರಿ ಅಕ್ಕಾರ,
ಹದಿನಾರಕ್ಕ ಇಳದ್ರಿ ಅಂದ್ರ
ನಾಕೂ ಮೂಲ್ಯಾಗ ಕತ್ತಲಿ ಬಂದು ಕುಂದರತೈತಿ.
ಒಂದರ ಮ್ಯಾಲ ಒಂದಂತೂ ಬ್ಯಾಡ.”

ಮಕಮಲ್ಲಿನ ಮ್ಯಾಲ ಮೂರು ಇಟ್ಟರು.
ಒಂದು ನೀರಿನಂಗ ತಿಳಿ. “ಇದು ಧೂಳಿಗೆ. ಚಿತ್ರಕ್ಕ ಏನೂ ಮಾಡಂಗಿಲ್ಲ,
ಸುಳ್ಳು ಹೇಳಿ ಮಾರಂಗಿಲ್ಲ ನಾ.”
ಒಂದು ಕಾಡಿಗಿ ಕಪ್ಪು. “ಇದನ್ನ ಹಾಕಿ ಎರಡು ನಿಮಿಷ ಬಿಡ್ರಿ,
ತೆರಿ ಎಲ್ಲಾ ಕೆನಿ ಆಗತಾವ,
ಅಡ್ಡಾಡೋ ಮಂದಿ ಅಳಿಸಿ ಹೋಗತಾರ.”
“ನಾ ಬಾಗಲಕೋಟಿಯಾಕಿ,” ಅಂದೆ,
“ಮಂದಿ ಅಳಸೂದಕ್ಕ ನಮಗ ಗಾಜು ಬೇಕಾಗಲಿಲ್ಲ.”
ಅವರು ನಗಲಿಲ್ಲ. ಕಪ್ಪು ಗಾಜು ಡಬ್ಬ್ಯಾಗ ಹೋತು.

ಮೂರನೇದು ಪೋಲರೈಸರು. ಎರಡು ಉಂಗುರ,
ಒಂದು ನಿಂತದ್ದು, ಒಂದು ತಿರಗೂದು.
ಕಪಾಟಿನ ಗಾಜಿನ ಮುಂದ ಹಿಡದು ಸಾವಕಾಶ ತಿರುವಿದರು.
ಟ್ಯೂಬ್‌ಲೈಟಿನ ಹೊಳಪು ಸತ್ತು
ಒಳಗ ಎರಡು ಡಜನ್ ಹಸರ ಬಳಿ ಕಂಡವು.
“ಇವು ಮಾರಾಕೇನ್ರಿ?”
“ಅಲ್ಲ.”

ನವನಗರದಾಗ ನನ್ನ ಸ್ಟುಡಿಯೊ: ಪಾಸ್‌ಪೋರ್ಟ್ ಮಾರಿ,
ಕುಬಸದ ಆಲ್ಬಮ್ಮು, ನೀಲಿ ಪರದೆ ಮುಂದ ಹಲ್ಲು ಮುಚ್ಚಿದ ಹುಡುಗರು.
ಒಂದು ಕುಬಸದ ರೊಕ್ಕ ಪೂರಾ
ಆ ಒಂದು ಉಂಗುರಕ್ಕ ಹೋತು.

ಫೆಬ್ರುವರಿ. ಹಿನ್ನೀರು ಒಂದಾಳು ಇಳದಿತ್ತು.
ಆರೂವರಿಗೆ ಹೊತ್ತು ನನ್ನ ಎಡ ಹೆಗಲಿಗೆ ಬಂತು,
ಮಕ್ತುಮಸಾಬರು ಹೇಳಿಕೊಟ್ಟಂಗ ನಿಂತೆ.
ಉಂಗುರ ತಿರುವಿದೆ.
ನೀರು ಬಾಗಲಾ ತಗದಂಗಾತು:
ಪಾಚಿ ಹಿಡದ ಕಲ್ಲಿನ ಕಟ್ಟಿ, ಮೂರು ಪಾವಟಿಗಿ,
ಮೀನಿನ ಮರಿ ಒಂದು ಹಿಂಡು ಹತ್ತಿ ಇಳೀತಿತ್ತು.
ಗಿರಣಿ! ಜ್ವಾಳದ ಬುಟ್ಟಿ ಇಟ್ಟು ಪಾಳಿ ಕಾದ ಕಟ್ಟಿ,
ಹಿಟ್ಟಿನ ಬಿಸಿ ಅಂಗೈಗೆ ಬಂತು.

ಆದರ ಮ್ಯಾಲ ನೋಡತೀನಿ, ಮುಗಲು ಕೆಟ್ಟಿತ್ತು.
ನಡುವ ಇಳಕಲ್ಲ ಸೀರಿಯಷ್ಟು ಗಾಢ ನೀಲಿ,
ಎರಡೂ ಬಾಜು ಒಗದು ಒಗದು ಬಿಳಿಚಿದ ಅರಬಿ.
ಅಗಲ ಕಣ್ಣಿನ ಹಣೇಬರಾ ಇದು.
ಇಪ್ಪತ್ನಾಕಕ್ಕ ಬಂದೆ: ಮುಗಲು ಒಂದ ಬಣ್ಣ, ಕಟ್ಟಿ ಚೌಕಟ್ಟಿನ ಹೊರಗ.
ಹದಿನಾರು: ಕಟ್ಟಿ ಒಳಗ, ಮುಗಲಿಗೆ ಬಾಸುಂಡಿ.
ಮತ್ತ ಇಪ್ಪತ್ನಾಕು. ಮತ್ತ ಹದಿನಾರು.

ತೆಪ್ಪ ತಂದು ನಿಲ್ಲಿಸಿದ ಅಂಬಿಗರ ದುರ್ಗಪ್ಪ,
“ಏನ್ ನೋಡತಿ ತಂಗಿ?”
ಕ್ಯಾಮೆರಾಕ್ಕ ಕಣ್ಣು ಹಚ್ಚಿಸಿದೆ.
“ಗಿರಣಿ,” ಅಂದೆ.
“ಎಲ್ಲೀ ಗಿರಣಿ? ಇದು ಕ್ಷೌರದ ರಾಚಣ್ಣನ ಕಟ್ಟಿ.
ಗಿರಣಿ ಅಲ್ಲೈತಿ, ನಡಾ ನೀರಾಗ,
ನನ್ನ ಹುಟ್ಟಿಗೆ ಬಡೀತೈತಿ ದಿನಾ.”
ಅವ ತೋರಿಸಿದಲ್ಲಿ ನನ್ನ ಉಂಗುರಕ್ಕ ಏನೂ ಕಾಣಲಿಲ್ಲ.
ಅಲ್ಲಿ ನೀರು ಬರೇ ನೀರು.

ಬಿಚ್ಚಬೇಕಂದ್ರ ಫಿಲ್ಟರು ಬಿಗದು ಕುಂತಿತ್ತು.
ಹಿಂಡಿದಷ್ಟೂ ಬಿಗಿ.
ಸೈಕಲ್ ಟ್ಯೂಬಿನ ತುಂಡೊಂದು ಕತ್ತರಿಸಿ ಕೊಟ್ಟ ದುರ್ಗಪ್ಪ,
“ಸುತ್ತಿ ಹಗರಕ ತಿರುವು. ಸಿಟ್ಟಿಲೆ ಬರೂದಲ್ಲ ಅದು.”
ಬಂತು.
ನೀರು ಮುಚಗೊಂಡಿತು, ಮುಗಲು ಇಡಿಯಾಗಿ ಅದರಾಗ ಬಿತ್ತು,
ಎಲ್ಲಾ ಕಡೆ ಒಂದ ಬಣ್ಣ. ಅದನ್ನೂ ತಗದೆ.

ಸ್ಟುಡಿಯೊದಾಗ ಹಾಕಿದ್ದು ಕೆಟ್ಟ ಮುಗಲಿಂದು.
“ಇದೇನ್ರಿ, ನಡುವ ಹಿಂಗ ಕರ್ರಗ?” ಅಂತಾರ
ಪಾಸ್‌ಪೋರ್ಟ್ ಫೋಟೊಕ್ಕ ಬಂದವರು, ಕಾಲರು ತಿದ್ದಿಕೋತ.
ಬಳಿ ಗುರುತು ಅಂತೀನಿ,
ಗದ್ದ ಸ್ವಲ್ಪ ಮ್ಯಾಲ ಮಾಡ್ರಿ, ಹಾಂ, ಈಗ ಅಲಗಬ್ಯಾಡ್ರಿ.